ಅಕ್ಕೋರ ವ್ಯಾನಿಗೆ ಕರೆಂಟಿನ ಪೆಟ್ಟಿಗೆ

“ಶಮಶೇರಸಾಬರು ಬರತಾರ ಅಂತ ಇಷ್ಟೊತ್ತು ಕಾದೆ. ನೋಡಿದ್ರ ನೀ ಹತ್ತಿ ಕೂತಿಯಲ್ಲ!” ಎಂದರು ಭಾಗೀರಥೀಬಾಯಿ, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು.

“ಅಬ್ಬಾನ ಕಳಿಸ್ಯಾರ್ರಿ ಅಕ್ಕೋರ,” ಎಂದಳು ಸಾಜಿಯಾ. “ಅಂಗಡಿ ಬಿಟ್ಟು ಬರಾಕ ಆಗಂಗಿಲ್ಲಂತ.”

ಅದು ಅರ್ಧ ಖರೆ. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಶಮಶೇರಸಾಬ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟು ನಲವತ್ತು ವರ್ಷ. ಎರಡು ವರ್ಷದಿಂದ ಅವನ ಕೈ ನಡುಗುತ್ತಿತ್ತು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಎಳೆದು, ಎಣಿಸಿ, ಸುತ್ತಿ ಕೂರಿಸುವ ಕೆಲಸವೆಲ್ಲ ಒಳಕೋಣೆಯಲ್ಲಿ ಮಗಳದೇ ಆಗಿತ್ತು. ಊರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಹುಡುಗಿ ಕಟ್ಟಿದ್ದು ಅಂತ ತಿಳಿದರೆ ಗಿರಾಕಿ ಬೇರೆ ಅಂಗಡಿಯ ಹಾದಿ ಹಿಡಿದಾರು ಎಂಬ ಅಳುಕು ಅಪ್ಪನಿಗೆ. ಈ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅವನೇ ಮಾತು ತೆಗೆದಿದ್ದ: “ಅಕ್ಕೋರ ಜೋಡಿ ನೀ ಹೋಗು. ಛಲೋದು ಆರಿಸಿದಿ ಅಂದ್ರ, ಇನ್ನ ಯಾರ ಬರಲಿ, ನನ್ನ ಮಗಳ ಕೆಲಸ ಅಂತ ಹೇಳತೇನಿ. ತಪ್ಪಿದಿ ಅಂದ್ರ…” ಉಳಿದದ್ದನ್ನು ಚಹಾದ ಜೊತೆ ನುಂಗಿಬಿಟ್ಟಿದ್ದ.

ಆರಿಸಬೇಕಾದದ್ದು ಒಂದು ಪೆಟ್ಟಿಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಭಾಗೀರಥೀಬಾಯಿ ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಸೀಟು ಕಿತ್ತಿಸಿ, ಒಳಗೆ ಎರಡು ಮಂಚ, ಒಂದು ಅಡುಗೆ ಕಟ್ಟೆ, ಚಿಕ್ಕ ಫ್ರಿಜ್ ಇಡಿಸಿದ್ದರು. ತಂಗಿಯ ಜೊತೆ ತುಂಗಭದ್ರೆಯ ದಂಡೆ ಹಿಡಿದು, ಹೊಳೆ ಕೃಷ್ಣೆಯನ್ನು ಕೂಡುವವರೆಗೆ ಹೋಗುವುದು ಅವರ ಬಯಕೆ. ದೀಪ, ಫ್ಯಾನು, ಫ್ರಿಜ್ಜು, ಮಿಕ್ಸರ್ ಎಲ್ಲಕ್ಕೂ ಕರೆಂಟು ಬೇಕಲ್ಲ. ಮನೆಯಲ್ಲಿ ತುಂಬಿಸಿಕೊಂಡು, ಹಾದಿಯಲ್ಲಿ ಬಿಸಿಲಿನಿಂದ ತುಂಬಿಸಿಕೊಳ್ಳುವ ಬ್ಯಾಟರಿ ಪೆಟ್ಟಿಗೆ, ಪವರ್ ಸ್ಟೇಷನ್ ಅನ್ನುತ್ತಾರೆ, ಅದನ್ನು ಹಾವೇರಿಯಲ್ಲಿ ನೋಡಿ ತರುವುದಿತ್ತು.

“ಓಮನ ನಿಯಮ ಹೇಳಬೇಕಾದ್ರ ಕಿಟಕಿ ಹೊರಗ ಗುಬ್ಬಿ ಎಣಸಕೋತ ಕೂಡತಿದ್ದಿ ನೀ,” ಎಂದರು ಭಾಗೀರಥೀಬಾಯಿ ಗೇರು ಬದಲಿಸುತ್ತ.

“ಗುಬ್ಬಿ ಅಲ್ರಿ ಅಕ್ಕೋರ. ಅವು ಕೂತಿದ್ವಲ್ಲ, ಆ ತಂತಿ ಎಣಸತಿದ್ದೆ.”

ಅಕ್ಕೋರು ನಕ್ಕರು. ನಕ್ಕರೂ ಕಣ್ಣಿನಲ್ಲಿ ನಂಬಿಕೆ ಮೂಡಿರಲಿಲ್ಲ.

ಬ್ಯಾಡಗಿಯ ಹಾದಿ ಹಿಡಿಯೋಣ ಎಂದವಳು ಸಾಜಿಯಾ. ಊರು ಇನ್ನೂ ದೂರವಿರುವಾಗಲೇ ಮೂಗಿಗೆ ಘಾಟು ಬಂತು. ಒಣಮೆಣಸಿನಕಾಯಿ ಚೀಲ ಹೇರಿದ ಗಾಡಿಗಳು ಎದುರಾದವು. ಸಂತೆಪೇಟೆಯಲ್ಲಿ ವ್ಯಾನು ನಿಲ್ಲಿಸಿ ಅವಳು ಅರ್ಧ ಕಿಲೊ ಹಣ್ಣುಮೆಣಸಿನಕಾಯಿ ಕೊಂಡಳು. ಹಸಿಯಾದ, ಕೆಂಪಗೆ ಹೊಳೆಯುವ ಕಾಯಿ.

“ಬ್ಯಾಟರಿ ತರಲಿಕ್ಕೆ ಹೊಂಟೇವೋ, ಚಟ್ನಿ ಮಾಡಲಿಕ್ಕೋ?”

“ಎರಡಕ್ಕೂರಿ. ಹೊಳೀ ದಂಡ್ಯಾಗ ಕೂತು ನೀವು ರೊಟ್ಟಿಗೆ ಏನ ಹಚಗೋತೀರಿ?”

“ರಂಜಕ ಇಲ್ಲದ ನನಗ ಗಂಟಲದಾಗ ರೊಟ್ಟಿ ಇಳಿಯೂದಿಲ್ಲ. ಅದಕ್ಕs ಅಲ್ಲೇನ, ಮಿಕ್ಸರ್ ಕಟಗೊಂಡ ಹೊಂಟಿದ್ದು.”

“ಹಂಗಾರ ಮಿಕ್ಸರೂ ನಮ್ಮ ಜೋಡಿ ಅಂಗಡಿಗೆ ಇಳೀಲಿ,” ಎಂದಳು ಸಾಜಿಯಾ.

ಹಾವೇರಿಯ ಅಂಗಡಿಯಲ್ಲಿ ಗಾಜಿನ ಬಾಗಿಲು, ತಣ್ಣನೆ ಗಾಳಿ. ವಿಕ್ರಮ ಎಂಬ ಮಾರುವ ಹುಡುಗ ಭಾಗೀರಥೀಬಾಯಿಗೆ ಕುರ್ಚಿ ಹಾಕಿದ. ಸಾಜಿಯಾಳ ಕೈಯಲ್ಲಿದ್ದ ಹಳೆಯ ಮಿಕ್ಸರನ್ನೂ ಕಾಯಿಯ ಚೀಲವನ್ನೂ ನೋಡಿ ಆಕೆ ಕೆಲಸದವಳೆಂದು ತಿಳಿದ. ಆರುನೂರು ವ್ಯಾಟಿನ ಚಂದದ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟ.

“ನಿಮ್ಮ ಮಿಕ್ಸರ್ ಮ್ಯಾಲೆ ಏಳುನೂರಾ ಐವತ್ತು ಅಂತ ಐತ್ರಿ ಮೇಡಂ. ಆದ್ರ ಇದು ಸ್ವಲ್ಪ ಹೊತ್ತಿಗೆ ಸಾವಿರದಾ ಇನ್ನೂರು ತನಕ ತಡಕೊಂತೈತಿ. ನೋಡ್ರಿ ಬೇಕಾರ.”

ಖಾಲಿ ಜಾರು ಕೂರಿಸಿ ಗುಂಡಿ ತಿರುವಿದ. ಮಿಕ್ಸರ್ ಭರ್ರೆಂದು ಓಡಿತು. ಪೆಟ್ಟಿಗೆಯ ಪರದೆಯ ಮೇಲೆ ಇನ್ನೂರಾ ಅರವತ್ತು ಎಂದು ಮೂಡಿತು. ವಿಕ್ರಮ ತಾನೇ ರುಬ್ಬಿದವನಂತೆ ಕೈ ಕಟ್ಟಿಕೊಂಡು ನಿಂತ. ಭಾಗೀರಥೀಬಾಯಿ ತೃಪ್ತಿಯಿಂದ ದುಡ್ಡಿನ ಚೀಲದ ಜಿಪ್ಪಿಗೆ ಕೈ ಹಾಕಿದರು.

“ತಡೀರಿ ಅಕ್ಕೋರ,” ಎಂದಳು ಸಾಜಿಯಾ. “ಖಾಲಿ ಮೋಟಾರು ಎಲ್ಲಾರ ಮುಂದೂ ಛಲೋ ಓಡತೈತಿ. ನಮ್ಮ ಅಂಗಡ್ಯಾಗ ಭಾರ ಹೊರಸದ ಒಂದೂ ಮೋಟಾರು ಹೊರಗ ಕೊಡಂಗಿಲ್ಲ.”

ಮೇಜಿನ ಮೇಲೆ ಪೇಪರು ಹಾಸಿ, ಕಾಯಿಯ ತೊಟ್ಟು ಮುರಿದು ಜಾರಿನ ತುಂಬ ಒತ್ತಿದಳು. ವ್ಯಾನಿನಿಂದ ತಂದ ಉಪ್ಪು, ಹುಣಸೆಹಣ್ಣು ಹಾಕಿದಳು. ನೀರು ಮಾತ್ರ ಒಂದು ಹನಿಯೂ ಇಲ್ಲ. ಗುಂಡಿ ತಿರುವಿದಳು. ಮಿಕ್ಸರ್ ಗುರ್ರೆಂದು ಮುಕ್ಕರಿಯಿತು. ಪರದೆಯ ಅಂಕಿ ಐನೂರು, ಏಳುನೂರು, ಎಂಟುನೂರಾ ನಲವತ್ತು. ಸ್ವಲ್ಪ ಹೊತ್ತು ತಡೆದು, ಟಿಕ್ ಎಂದು ಪೆಟ್ಟಿಗೆ ಆರಿತು. ಅಂಗಡಿಯ ಉದ್ದಕ್ಕೂ ಘಾಟು ಎದ್ದು, ಲೆಕ್ಕದ ಮೇಜಿನಲ್ಲಿದ್ದವರು ಮೂರು ಸಲ ಸೀನಿದರು.

ವಿಕ್ರಮ ಕಣ್ಣೊರೆಸಿಕೊಂಡ. “ಪೆಟಿಗೀದು ತಪ್ಪಿಲ್ರಿ ಮೇಡಂ. ಮಿಕ್ಸರ್ ಹಳೇದು. ಯಾರೋ ಅಡ್ಡಾದಿಡ್ಡಿ ವೈಂಡಿಂಗ್ ಮಾಡ್ಯಾರ, ಅದಕ್ಕ ಹಿಂಗ ಎಳ್ಯಾಕತ್ತೈತಿ.”

ಸಾಜಿಯಾಳ ಕಿವಿ ಕೆಂಪಾಯಿತು. ಅದು ಮೆಣಸಿನಕಾಯಿಯ ಘಾಟಿಗಲ್ಲ. ಎರಡು ವರ್ಷ ಒಳಕೋಣೆಯಲ್ಲಿ ಬಚ್ಚಿಟ್ಟ ಮಾತು ತಾನಾಗಿ ಬಾಯಿಗೆ ಬಂತು.

“ಆ ವೈಂಡಿಂಗ್ ಮಾಡಿದಾಕಿ ನಾನು. ಹ್ವಾದ ದೀಪಾವಳಿಗೆ. ಒಂದೊಂದು ಸುತ್ತೂ ಎಣಿಸೇನಿ. ಗ್ವಾಡಿ ಪ್ಲಗ್ಗಿಗೆ ಹಚ್ಚು, ಮಿಕ್ಸರದು ತಪ್ಪಿದ್ರ ಅಲ್ಲೂ ನಿಲ್ಲಲಿ.”

ಭಾಗೀರಥೀಬಾಯಿ ತಿರುಗಿ ನೋಡಿದರು. “ನೀ? ಶಮಶೇರಸಾಬರಲ್ಲ?”

“ನಾನ್ರಿ ಅಕ್ಕೋರ.”

ಅಕ್ಕೋರು ತಾವೇ ಎದ್ದು ಹೋಗಿ ಗೋಡೆಯ ಪ್ಲಗ್ಗಿಗೆ ವಾಯರು ಚುಚ್ಚಿದರು. ಅದೇ ಜಾರು, ಅದೇ ಕಾಯಿ. ಮಿಕ್ಸರ್ ಒಂದು ಸಲ ಮುಕ್ಕರಿದು, ಆಮೇಲೆ ದನಿ ಹದಕ್ಕೆ ಬಂದು, ಕಾಯಿಯನ್ನೆಲ್ಲ ಒಳಗೆಳೆದುಕೊಳ್ಳತೊಡಗಿತು. ಅರ್ಧಕ್ಕೆ ನಿಲ್ಲಿಸಿ, ಮೇಲಿನಿಂದ ಇನ್ನೊಂದು ಹಿಡಿ ಕಾಯಿ ಒತ್ತಿ, “ಇನ್ನ ಪೆಟ್ಟಿಗಿ ನೀನs ಆರಿಸು,” ಎಂದರು ಸಾಜಿಯಾಳಿಗೆ. ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ಕೊಡುವ ದನಿ ಅದು.

ವಿಕ್ರಮ ಈಗ ಎಲ್ಲಕ್ಕಿಂತ ದೊಡ್ಡದನ್ನು ತೇಕುತ್ತ ಹೊತ್ತು ತಂದ. “ಇದು ಎರಡು ಸಾವಿರ ವ್ಯಾಟಿಂದು. ಕಲ್ಲು ಹಾಕಿದ್ರೂ ರುಬ್ಬತೈತ್ರಿ.”

“ಅಕ್ಕೋರ, ಎತ್ತಿ ನೋಡ್ರಿ,” ಎಂದಳು ಸಾಜಿಯಾ.

ಭಾಗೀರಥೀಬಾಯಿ ಸೆರಗು ಸಿಕ್ಕಿಸಿ ಹಿಡಿಕೆಗೆ ಕೈ ಹಾಕಿದರು. ಪೆಟ್ಟಿಗೆ ನೆಲ ಬಿಡಲಿಲ್ಲ.

“ದಿನಾ ಹೊರಗ ಇಳಿಸಿ ಸೋಲಾರ್ ಹಲಿಗಿಗೆ ಹಚ್ಚಬೇಕು, ಮತ್ತ ಒಳಗ ಇಡಬೇಕು. ನೀವೂ ನಿಮ್ಮ ತಂಗೀನೂ ಅರವತ್ತು ದಾಟಿದವರು. ಹೊಳೀ ದಂಡ್ಯಾಗ ಇದನ್ನ ಎತ್ತಾಕ ಯಾರನ್ನ ಕರೀತೀರಿ?”

“ಮೊಸಳೀನ,” ಎಂದರು ಅಕ್ಕೋರು ಏದುಸಿರು ಬಿಡುತ್ತ.

ವಿಕ್ರಮನೂ ನಕ್ಕ. ಆಮೇಲೆ, ಮೇಡಂ ಅವರನ್ನಲ್ಲ, ಸಾಜಿಯಾಳನ್ನೇ ಕೇಳಿದ: “ಮತ್ತ ಯಾವದು ತೋರಸ್ಲಿ ಅಕ್ಕಾ?”

ಫ್ರಿಜ್ಜು ಇಷ್ಟು, ಫ್ಯಾನು ರಾತ್ರಿಯಿಡೀ ಇಷ್ಟು, ದೀಪ ಇಷ್ಟು ಎಂದು ಅವಳು ಬೆರಳ ಗಂಟಿನ ಮೇಲೆ ಎಣಿಸಿದಳು. ನಡುವಣ ಕಪಾಟಿನಲ್ಲಿದ್ದ ಸಾವಿರದಾ ಐನೂರು ವ್ಯಾಟಿನದನ್ನು ತೋರಿಸಿದಳು. ಅಕ್ಕೋರು ಅದನ್ನು ಎರಡು ಕೈಯಲ್ಲಿ ಎತ್ತಿ, ಬಾಗಿಲತನಕ ನಡೆದು, ತಿರುಗಿ ಬಂದರು. ಮಿಕ್ಸರಿನ ವಾಯರನ್ನು ಅದಕ್ಕೆ ಚುಚ್ಚಿ, ಉಳಿದ ಕಾಯಿಯನ್ನೆಲ್ಲ ಜಾರಿಗೆ ತುಂಬಿ ಗುಂಡಿ ತಿರುವಿದರು. ಅಂಕಿ ಒಂಬೈನೂರು ಮುಟ್ಟಿತು. ನಿಂತಿತು. ಆರಲಿಲ್ಲ. ರಂಜಕ ನುಣ್ಣಗಾಯಿತು. ಭಾಗೀರಥೀಬಾಯಿ ಬೆರಳ ತುದಿಯಲ್ಲಿ ತೆಗೆದು ನೆಕ್ಕಿ, “ಉಪ್ಪು ಕಡಿಮಿ,” ಎಂದರು. “ಉಳಿದದ್ದೆಲ್ಲಾ ಸರಿ ಅದ. ಇದನ್ನs ಕಟ್ಟಪಾ.”

ರಾಣೆಬೆನ್ನೂರಿಗೆ ಮರಳಿದಾಗ ಬಿಸಿಲು ಇಳಿದಿತ್ತು. ಅಂಗಡಿಯ ಕಟ್ಟೆಯ ಮೇಲೆ ಹೊಳೆದಂಡೆಯ ಐರಣಿಯ ರೈತ ಹೊಳಿಯಪ್ಪ, ಸುಟ್ಟ ಪಂಪಿನ ಮೋಟಾರಿನ ಪಕ್ಕ ಕೂತಿದ್ದ. ಶಮಶೇರಸಾಬ ವ್ಯಾನಿನ ಬಾಗಿಲಿಗೆ ಬಂದು, ಹೊಸ ಪೆಟ್ಟಿಗೆಯ ಮೈಗೆ ಸ್ಕ್ರೂಡ್ರೈವರಿನ ತುದಿ ಊರಿ ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡ. ನಲವತ್ತು ವರ್ಷ ಅವನು ಮೋಟಾರುಗಳ ಒಳಗಿನ ಸುದ್ದಿ ಕೇಳಿದ್ದು ಹಾಗೆಯೇ.

“ಏನೂ ಮಾತಾಡವಲ್ದಲ್ಲ ಇದು.”

“ನಿಮ್ಮ ಮಗಳ ಜೋಡಿ ಭಾಳ ಮಾತಾಡೇದ ಅದು,” ಎಂದರು ಭಾಗೀರಥೀಬಾಯಿ. “ಇಡೀ ಅಂಗಡೀನ ಸೀನಿಸಿ ಆರಿಸ್ಯಾಳ. ನನ್ನ ಮಿಕ್ಸರ್ ಕಟ್ಟಿದ್ದೂ ಇಕೀನಂತ. ಮುಚ್ಚಿಡೂವಂಥಾದ್ದೇನ್ರಿ ಸಾಬರ ಅದು?”

ಹೊಳಿಯಪ್ಪ ಕಟ್ಟೆಯಿಂದ ಇಳಿದ. “ಅಂದ್ರ, ಹ್ವಾದ ವರ್ಷ ನನ್ನ ಪಂಪ್ ಕಟ್ಟಿದ್ದು?”

ಶಮಶೇರಸಾಬ ತನ್ನ ನಡುಗುವ ಕೈಯನ್ನು ಎಂದಿನಂತೆ ಜೇಬಿಗೆ ಸೇರಿಸಲಿಲ್ಲ. ಆ ಕೈಯಲ್ಲೇ ಸ್ಕ್ರೂಡ್ರೈವರನ್ನು ಮಗಳ ಕಡೆ ಚಾಚಿದ.

“ಈ ಸಲಾನೂ ಆಕೀನ ಕಟ್ಟಾಕಿ. ಎಂದ ಕೊಡತಾಳ, ಆಕೀನ ಕೇಳು.”

ಹೊಳಿಯಪ್ಪ ಅಪ್ಪನ ಮುಖ ನೋಡಿದ, ಸ್ಕ್ರೂಡ್ರೈವರು ಇಸಿದುಕೊಂಡು ಅಂಗಡಿಯ ಒಳಗೆ ಹೋಗಿ ನಿಂತ ಮಗಳ ಮುಖ ನೋಡಿದ. ಆಮೇಲೆ ಬಾಗಿ, ಮೋಟಾರಿನ ಕೊಕ್ಕೆಗೆ ಎರಡೂ ಕೈ ಹಾಕಿ ಎಳೆದ. ಅದು ಹೊಳೆಯ ಹಸಿ ಮಣ್ಣಿನ ಗೆರೆಯನ್ನು ಅಂಗಡಿಯ ನೆಲದ ಉದ್ದಕ್ಕೂ ಬರೆಯುತ್ತ ಬಂದು ಸಾಜಿಯಾಳ ಕಾಲ ಬಳಿ ನಿಂತಿತು.