ಎದ್ದು ನಿಂತೇ ಮಾತಾಡ್ತೀನಿ

ನಲ್ಲಿಯಲ್ಲಿ ನೀರು ಬರಲಿಲ್ಲವೆಂದರೆ ಊರಿನವರೆಲ್ಲ ಫೋನ್ ಮಾಡುವುದು ಒಂದೇ ನಂಬರಿಗೆ. ಆ ಫೋನ್ ಎತ್ತುವ ಕೊಠಡಿಯಲ್ಲಿ ಕಿಟಕಿಯ ಪಕ್ಕದ ಮೇಜು ಅಕ್ಕನದು. ಎಲ್ಲರಿಗಿಂತ ಹಿರಿಯಳಾದ್ದರಿಂದ ಅಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಬೆಳಿಗ್ಗೆ ಕುರ್ಚಿಯಲ್ಲಿ ಕೂತಳೆಂದರೆ ಊಟದ ಹೊತ್ತಿನವರೆಗೆ ಅಲ್ಲಾಡುತ್ತಿರಲಿಲ್ಲ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಟೈಪ್ ಮಾಡುತ್ತಾ, ಬೈಯುವವರನ್ನೂ ಸಮಾಧಾನ ಮಾಡುತ್ತಿದ್ದಳು. ಊರಿಗೆಲ್ಲ ನೀರು ಬಿಡಿಸುವವಳು ತಾನು ಮಾತ್ರ ಒಂದು ಗುಟುಕು ಕುಡಿಯುತ್ತಿರಲಿಲ್ಲ. ಕುಡಿದರೆ ಏಳಬೇಕಲ್ಲ!

ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಮೇಲ್ವಿಚಾರಕರು ಅತ್ತಿತ್ತ ಹೋಗುವಾಗ, "ಕೂತರೆ ಹೀಗೆ ಕೂರಬೇಕು" ಅನ್ನುತ್ತಿದ್ದರು.

ಸಂಜೆಯಾಗುತ್ತಿದ್ದಂತೆ ಮಾತ್ರ ಸೊಂಟ ಹಿಡಿದುಕೊಳ್ಳುತ್ತಿತ್ತು, ಕುತ್ತಿಗೆ ಕೊರಡಾಗುತ್ತಿತ್ತು. ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಗಂಡ ನಗುತ್ತಿದ್ದ. ಅವನು ಗಾರೆ ಕೆಲಸದವನು.

"ದಿನವಿಡೀ ಇಟ್ಟಿಗೆ ಹೊತ್ತೋನು ನಾನು. ಫ್ಯಾನ್ ಕೆಳಗೆ ಕೂತು ಬಂದೋಳು ನೀನು. ನೋವು ಮಾತ್ರ ನಿನಗಂತೆ!"

"ಅದೂ ಸರಿ ಅನ್ನಿ. ಕೂತಿದ್ದಕ್ಕೆ ಯಾರಿಗಾದ್ರೂ ನೋವು ಬರುತ್ತಾ?" ಎಂದು ಅವಳೂ ಮುಲಾಮು ಉಜ್ಜಿಕೊಂಡು ಸುಮ್ಮನಾಗುತ್ತಿದ್ದಳು.

ಒಂದು ಭಾನುವಾರ ಒಗೆದ ಬಟ್ಟೆಯ ಬಕೆಟ್ ಎತ್ತಲು ಬಗ್ಗಿದವಳು ಬಗ್ಗಿದ ಹಾಗೇ ನಿಂತುಬಿಟ್ಟಳು. ಉಸಿರೆಳೆದರೂ ಸೊಂಟದಲ್ಲಿ ಚಳುಕು. ಗಂಡನ ನಗು ಹಾರಿಹೋಯಿತು. ಗಾಬರಿಯಿಂದ ತಂಗಿಗೆ ಫೋನ್ ಮಾಡಿದ. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ನಾದಿನಿ ಓಡಿ ಬಂದು ಅಕ್ಕನನ್ನು ಮೆಲ್ಲಗೆ ಮಲಗಿಸಿ, ಕಾಲಲ್ಲಿ ಜೋಮು ಇದೆಯಾ, ಬಲ ಕಡಿಮೆ ಅನ್ನಿಸುತ್ತಾ ಎಂದು ಕೇಳಿ ನೋಡಿದಳು.

"ಅದೆಲ್ಲ ಇಲ್ಲ, ಪುಣ್ಯ. ಇದ್ದಿದ್ರೆ ಈಗಿಂದೀಗಲೇ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೆ. ಅತ್ತಿಗೆ, ಆಫೀಸಲ್ಲಿ ಎಷ್ಟು ಹೊತ್ತಿಗೊಮ್ಮೆ ಏಳ್ತೀರಾ?"

"ಊಟಕ್ಕೆ ಏಳ್ತೀನಲ್ಲ."

"ಅದೇ ಆಗಿರೋದು ಇಲ್ಲಿ."

ಅಣ್ಣ ಮೂಗು ಮುರಿದ. "ಓದಿದೋಳು ಅಂತ ನೀನು ಹೇಳಿದ್ದೆಲ್ಲ ನಂಬಬೇಕಾ? ಕುರ್ಚಿ ಯಾರನ್ನಾದ್ರೂ ಕಚ್ಚುತ್ತಾ?"

"ಸರಿ ಅಣ್ಣ. ಈ ಸ್ಟೂಲ್ ಮೇಲೆ ಕೂತ್ಕೋ. ಕುತ್ತಿಗೆ ಓರೆ ಮಾಡು. ಟೈಪ್ ಮಾಡೋರ ಹಾಗೆ ಕೈ ಮುಂದಕ್ಕೆ ಚಾಚು. ನಾನು ಟೀ ಮಾಡಿ ತರ್ತೀನಿ. ಅಲ್ಲೀವರೆಗೆ ಅಲ್ಲಾಡಬೇಡ."

ನೀರು ಕುದಿಯುವ ಮೊದಲೇ ಅವನ ಹೆಗಲು ಉರಿಯತೊಡಗಿತು. "ಆಯ್ತಾ? ಆಯ್ತೇನೇ?" ಎಂದು ಕೂಗಿ ಕೂಗಿ, ಕೊನೆಗೆ ಕೈ ಕೆಳಗಿಳಿಸಿಬಿಟ್ಟ.

"ಥೂ, ಇದಕ್ಕಿಂತ ಇಟ್ಟಿಗೆ ಹೊರೋದೇ ವಾಸಿ!"

"ಅತ್ತಿಗೆ ದಿನಾ ಮಾಡೋದು ಇದನ್ನೇ," ಎಂದಳು ತಂಗಿ. "ನೀನು ಬಗ್ತೀಯ, ಏಳ್ತೀಯ, ನಡೀತೀಯ. ಅವರ ಮೈ ಒಂದೇ ಕಡೆ ಸಿಕ್ಕಿಹಾಕಿಕೊಂಡಿರುತ್ತೆ. ಎಷ್ಟು ನೆಟ್ಟಗೆ ಕೂತ್ರೂ ಸಾಲದು, ಆಗಾಗ ಕದಲಲೇಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಎರಡು ಹೆಜ್ಜೆ ಹಾಕಿದ್ರೂ ಮೈ ಸಡಿಲ ಆಗುತ್ತೆ."

"ಎದ್ದು ಓಡಾಡೋಕೆ, ಹೊಸ ಕುರ್ಚಿ ಕೇಳೋಕೆ ಅದೇನು ನಮ್ಮಪ್ಪನ ಮನೆಯೇನೇ?" ಅಕ್ಕ ಮಲಗಿದಲ್ಲಿಂದಲೇ ರೇಗಿದಳು.

"ಹೊಸದು ಯಾಕೆ ಬೇಕು? ಟವೆಲ್ ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಕೊಳ್ಳಿ. ಪಾದ ನೆಲಕ್ಕೆ ಎಟುಕದಿದ್ರೆ ಕೆಳಗೊಂದು ಮಣೆ. ಪರದೆ ಒಂದು ಕೈ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಮೊಣಕೈ ಮೈಗೆ ಹತ್ತಿರ ಇರಲಿ. ಫೋನನ್ನ ಹೆಗಲ ಮೇಲೆ ಕೂರಿಸೋದು ಬಿಡಿ, ಅದೇನು ಮಗುವಾ?"

ನೋವು ಇಳಿದ ಮೇಲೆ ಅಕ್ಕ ಕೆಲಸಕ್ಕೆ ಹೋದಳು. ಗಂಡ ಉಳಿದ ಹಲಗೆಯಲ್ಲಿ ಕಾಲುಮಣೆ ಮಾಡಿಕೊಟ್ಟಿದ್ದ. ಕಾಗದದ ಕಟ್ಟುಗಳ ಮೇಲೆ ಕಂಪ್ಯೂಟರ್ ಪರದೆ ಎತ್ತರವಾಯಿತು. ಆದರೆ ಏಳುವುದಕ್ಕೆ ಮಾತ್ರ ಧೈರ್ಯ ಬರಲಿಲ್ಲ. ಮೇಲ್ವಿಚಾರಕರ ಮೇಜು ಬಾಗಿಲಲ್ಲೇ ಇತ್ತು.

ಒಂದು ದಿನ ಹಿಂದಿನ ಸಾಲಿನಲ್ಲಿ ಬಸುರಿ ಹುಡುಗಿಯೊಬ್ಬಳು ಎದ್ದು ನಿಂತಳು.

"ಯಾರದು ಎದ್ದಿದ್ದು?"

"ಕಾಲು ಸೆಳೀತಿದೆ ಸಾರ್. ಒಂದೆರಡು ಹೆಜ್ಜೆ ಅಷ್ಟೇ..."

"ಕಿಟಕಿ ಪಕ್ಕ ನೋಡಮ್ಮ. ನಿನಗಿಂತ ಎಷ್ಟು ದೊಡ್ಡೋರು ಅವರು. ಊಟದವರೆಗೆ ಅಲ್ಲಾಡಲ್ಲ. ಅವರಿಗಾಗೋದು ನಿನಗ್ಯಾಕಾಗಲ್ಲ?"

ಹುಡುಗಿ ಕಣ್ಣು ತುಂಬಿಕೊಂಡು ಕೂತಳು. ಅಕ್ಕನಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ತಾನು ಹೆಮ್ಮೆಪಟ್ಟುಕೊಂಡದ್ದನ್ನೇ ಈ ಮನುಷ್ಯ ಕೋಲು ಮಾಡಿಕೊಂಡು ಉಳಿದವರ ಮೇಲೆ ಬೀಸುತ್ತಿದ್ದಾನೆ! ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ನಿಮಗೇನಾಯ್ತು?"

"ನನಗೂ ಆಗಲ್ಲ ಸಾರ್. ಹೇಳೋಕೆ ನಾಚಿಕೆಯಾಗಿ ಮುಲಾಮು ಹಚ್ಕೊಳ್ತಿದ್ದೆ. ನನ್ನನ್ನ ತೋರಿಸಿ ಇನ್ಯಾರನ್ನೂ ಕಟ್ಟಿಹಾಕಬೇಡಿ."

"ಕೂತ್ಕೊಳ್ಳಿ. ಫೋನ್ ಹೊಡ್ಕೊಳ್ತಿದೆ."

"ಫೋನ್ ಎತ್ತುತ್ತೀನಿ. ಎದ್ದು ನಿಂತೇ ಮಾತಾಡ್ತೀನಿ."

ಎತ್ತಿದಳು. "ನಮಸ್ಕಾರ, ನೀರಿನ ದೂರು ವಿಭಾಗ, ಹೇಳಿ." ದನಿ ನಡುಗಲಿಲ್ಲ.

"ಮೆಮೊ ಕೊಡಬೇಕಾಗುತ್ತೆ!" ಮೇಲ್ವಿಚಾರಕರು ಗುಡುಗಿದರು.

ಅವಳು ಫೋನಿನ ಬಾಯಿಗೆ ಕೈ ಮುಚ್ಚಿ, "ಕೊಡಿ ಸಾರ್. ಅದನ್ನೂ ನಿಂತೇ ಓದ್ತೀನಿ" ಎಂದಳು.

ಯಾರೋ ಕಿಸಕ್ಕನೆ ನಕ್ಕರು. ಬಸುರಿ ಹುಡುಗಿ ಮತ್ತೆ ಎದ್ದಳು. ಅವಳ ಪಕ್ಕದವಳು ಎದ್ದಳು. ಕುರ್ಚಿಗಳು ಕಿರ್ರೆನ್ನುತ್ತಾ ಹಿಂದೆ ಸರಿದವು. ಒಂದು ಫೋನೂ ಎತ್ತದೆ ಉಳಿಯಲಿಲ್ಲ.

ಮೆಮೊ ನಿಜವಾಗಿಯೂ ಬಂತು. ಮನೆಯಲ್ಲಿ ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಕೆಲಸ ಹೋದ್ರೆ?"

"ಹೋದ್ರೆ ಇನ್ನೊಂದು ಹುಡುಕ್ತೀನಿ. ಸೊಂಟ ಹೋದ್ರೆ ಎಲ್ಲಿ ಹುಡುಕಲಿ ರೀ?"

ಅವನು ಪೆನ್ನು ತಂದು ಅವಳ ಕೈಗಿಟ್ಟ. "ಉತ್ತರದಲ್ಲಿ ಇದನ್ನೂ ಬರಿ. ನನ್ನ ಗಂಡ ಇಟ್ಟಿಗೆ ಹೊರೋ ಗಟ್ಟಿಗ, ಅವನಿಗೂ ಟೀ ಆಗೋವರೆಗೆ ಕೂರೋಕಾಗಲಿಲ್ಲ ಅಂತ."

ಅಷ್ಟನ್ನು ಬರೆಯಲಿಲ್ಲ. ಕೂತೇ ಇದ್ದರೆ ಮೈಗೆ ಏನಾಗುತ್ತದೆಂದು ಮಾತ್ರ ಬರೆದಳು. ಕೊಠಡಿಯವರೆಲ್ಲ ಸಹಿ ಹಾಕಿದರು. ಮೇಲಿನ ಅಧಿಕಾರಿ ತಾವೇ ಬಂದು ನೋಡಿ, "ದೂರು ಯಾವುದಾದ್ರೂ ಬಾಕಿ ಉಳಿದಿದೆಯಾ?" ಎಂದು ಕೇಳಿದರು. ಇಲ್ಲವೆಂದಾಗ, ಸರದಿಯ ಮೇಲೆ ಎದ್ದು ಓಡಾಡಬಹುದೆಂದು ಆದೇಶವಾಯಿತು. ಮೆಮೊ ವಾಪಸಾಯಿತು. ಹೊಸ ಕುರ್ಚಿ ಬರಲಿಲ್ಲ, ಮುರಿದವು ರಿಪೇರಿಯಾದವು. ಕಿವಿಗೆ ಹಾಕುವ ಹೆಡ್‌ಫೋನ್ ಅರ್ಧ ಜನಕ್ಕೆ ಸಿಕ್ಕಿತು, ಉಳಿದರ್ಧಕ್ಕೆ ಅಕ್ಕ ಇನ್ನೂ ಕೇಳುತ್ತಲೇ ಇದ್ದಾಳೆ. ಮೇಲ್ವಿಚಾರಕರ ಮುಖ ಈಗಲೂ ಗಂಟುಗಂಟಾಗಿಯೇ ಇದೆ. ಇರಲಿ ಬಿಡಿ.

ಕಂಪ್ಯೂಟರಿನ ಎದುರು, ಅಂಗಡಿಯ ಗಲ್ಲಾದ ಹಿಂದೆ, ಹೊಲಿಗೆ ಯಂತ್ರದ ಮುಂದೆ ಗಂಟೆಗಟ್ಟಲೆ ಕೂರುವ ಅಕ್ಕಂದಿರೇ, ಅಣ್ಣಂದಿರೇ, ನೋವು ನುಂಗಿಕೊಂಡು ಕೂರುವುದು ಶಿಸ್ತಲ್ಲ. ಬೆನ್ನಿಗೆ ಆಸರೆ ಕೊಡಿ, ಪಾದ ಊರಿ, ನೀರು ಕುಡಿಯಿರಿ, ಆಗಾಗ ಏಳಿ. ನೋವು ಬಿಡದಿದ್ದರೆ, ಕಾಲು ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ. ಏಳಬೇಡಿ ಎನ್ನುವವರಿಗೆ ಕಾರಣ ಕೇಳಿ. ಒಬ್ಬರೇ ಕೇಳಲು ಅಂಜಿಕೆಯಾದರೆ ಜೊತೆಯವರನ್ನು ಕರೆದುಕೊಂಡು ಕೇಳಿ. ಈ ಕಥೆ ಕೇಳುತ್ತಾ ನೀವೂ ಆಗಿನಿಂದ ಕೂತೇ ಇದ್ದೀರಿ. ಏಳಿ, ಹೆಗಲು ಸಡಿಲಿಸಿ, ಪಕ್ಕದವರನ್ನೂ ಎಬ್ಬಿಸಿ. ಯಾರಪ್ಪಣೆಯೂ ಬೇಕಿಲ್ಲ, ಮೈ ನಿಮ್ಮದು.