ಎರಡನೇ ಕಂತು

ಉದಗೀರದ ಧಾನ್ಯ ಮಾರುಕಟ್ಟೆ ಮೊಂಢಾದಲ್ಲಿ ರೈತರ ಕಾಳು ಕಮಿಷನ್ನಿಗೆ ಮಾರಿಕೊಡುವ ಕಾಶೆಪ್ಪನವರ ಅಡತ ಅಂಗಡಿಯ ಲೆಕ್ಕವನ್ನು ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವಳು ಅವರ ಸೊಸೆ ಸುಗಂಧಾ. ಆಳಂದದಿಂದ ಮದುವೆಯಾಗಿ ಬಂದಾಗ ಅವಳು ಸಿಎ ಪರೀಕ್ಷೆಯ ಎರಡು ಹಂತ ಮುಗಿಸಿದ್ದಳು. ಕೊನೆಯ ಹಂತಕ್ಕೆ ಮೊದಲು ಲಾತೂರಿನ ಯಾವುದಾದರೂ ಸಿಎ ಆಫೀಸಿನಲ್ಲಿ ಕೆಲಸ ಕಲಿಯಬೇಕಿತ್ತು. “ಮನ್ಯಾಗೇ ಇಷ್ಟು ದೊಡ್ಡ ದುಕಾನ ಅದ, ಇಲ್ಲೇ ಕಲಿಯವ್ವ” ಎಂದಿದ್ದರು ಮಾವ. ಅದೇ ವರ್ಷ ಅವರು ತಮ್ಮ ಮಗಳು ಉಮಾಶ್ರೀಯನ್ನು ಪಿಎಚ್‌ಡಿ ಓದಲು ಪುಣೆಗೆ ಕಳಿಸಿದರು.

ಆ ಉಮಾಶ್ರೀ ಈಗ ನಿಲಂಗಾದಲ್ಲಿ ಕಂಪನಿ ತೆಗೆದಿದ್ದಳು. ತೊಗರಿ ಬೀಜಕ್ಕೆ ಸವರಿ ಬಿತ್ತಿದರೆ ನೆಟೆರೋಗ ತಡೆಯುವ ಒಂದು ಪುಡಿ. ಅದರೊಳಗೆ ಜೀವಂತ ಬ್ಯಾಕ್ಟೀರಿಯಾ. ಮೂರು ವರ್ಷವಾಗಿತ್ತು, ಇನ್ನೂ ಒಂದು ಪುಡಿಕೆಯೂ ಮಾರಾಟವಾಗಿರಲಿಲ್ಲ. ಸರ್ಕಾರದ ಪರವಾನಗಿ ಸಿಗುವವರೆಗೆ ಮಾರುವಂತೆಯೂ ಇರಲಿಲ್ಲ. ಈಗ ಅಪ್ಪನ ಹತ್ತಿರ ಅರವತ್ತು ಲಕ್ಷ ಕೇಳಿದ್ದಳು, ಸಾಲವಾಗಿ ಅಲ್ಲ, ಕಂಪನಿಯಲ್ಲಿ ಪಾಲು ಕೊಟ್ಟು.

“ಕಾಳಾದ್ರ ಮುಷ್ಟ್ಯಾಗ ಹಿಡದು ಹೇಳ್ತೀನಿ ಎಷ್ಟ ಬೆಲಿ ತಾಳ್ತದಂತ,” ಎಂದರು ಕಾಶೆಪ್ಪ. “ಮಾರಾಟಾನೇ ಇಲ್ಲದ ಧಂದೆಕ್ಕ ಹ್ಯಾಂಗ ಕಿಮ್ಮತ್ತು ಕಟ್ಟಲಿ? ಸುಗಂಧಾ, ನೀ ಹೋಗಿ ನೋಡು. ನೀ ಏನ ಬರದು ಕೊಡ್ತಿ, ಅದು ನನಗ ಶಿಕ್ಕಾ ಒತ್ತಿದಂಗ.”

ಸೆಪ್ಟೆಂಬರಿನಲ್ಲಿ ಅವಳು ನಿಲಂಗಾಕ್ಕೆ ಹೋದಳು. ಬಾಡಿಗೆ ಶೆಡ್ಡಿನ ಬಾಗಿಲಿಗೆ ‘ಡಾ. ಉಮಾಶ್ರೀ’ ಎಂಬ ಫಲಕವಿತ್ತು. ಒಳಗೆ ಬಿಳಿ ಕೋಟು ತೊಟ್ಟ ನಾಲ್ವರು ಉಮಾಶ್ರೀಯನ್ನು ಮ್ಯಾಡಮ್ ಎಂದು ಕರೆಯುತ್ತಿದ್ದರು. ಸುಗಂಧಾಳನ್ನು ಅಂಗಡಿಯ ಹಮಾಲರು ಇಂದಿಗೂ ‘ಸಣ್ಣ ಸಾವಕಾರ್ರ ಮನೀವ್ರು’ ಎಂದೇ ಕರೆಯುತ್ತಿದ್ದರು. ಫಲಕದ ಮೇಲಿನ ಆ ‘ಡಾ’ ಅವಳಿಗೆ ಕಣ್ಣಲ್ಲಿ ಬಿದ್ದ ತೌಡಿನಂತೆ ದಿನವಿಡೀ ಚುಚ್ಚಿತು.

“ವೈನಿ, ಎಲ್ಲಾ ಫೈಲು ಇಲ್ಲೇ ಅವ. ಏನ ಬೇಕೋ ತೆಗದು ನೋಡ್ರಿ, ನನ್ನ ಕೇಳೋದೇ ಬ್ಯಾಡ,” ಎಂದು ಉಮಾಶ್ರೀ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು.

ಮೂರು ದಿನ ಸುಗಂಧಾ ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದಳು. ಇಂಥ ಕಂಪನಿಯಲ್ಲಿ ಲಾಭ ನಷ್ಟ ಹುಡುಕಿ ಫಲವಿಲ್ಲವೆಂದು ಅವಳಿಗೆ ಮೊದಲ ದಿನವೇ ತಿಳಿಯಿತು. ನೋಡಬೇಕಾದದ್ದು ಬೇರೆ. ಕೈಯಲ್ಲಿ ಎಷ್ಟಿದೆ, ತಿಂಗಳಿಗೆ ಎಷ್ಟು ಕರಗುತ್ತದೆ, ಪರವಾನಗಿ ಬರುವವರೆಗೆ ಉಸಿರು ಉಳಿಯುತ್ತದೆಯೇ, ಆ ಪುಡಿಯ ಹಕ್ಕು ನಿಜವಾಗಿ ಯಾರದು. ಬ್ಯಾಂಕಿನಲ್ಲಿ ನಲವತ್ತೆರಡು ಲಕ್ಷ ಇತ್ತು. ತಿಂಗಳ ಖರ್ಚು ಆರು ಲಕ್ಷ. ಏಳು ತಿಂಗಳು. ಪರವಾನಗಿಗೆ ಇನ್ನೂ ಒಂದೂವರೆ ವರ್ಷವಾದರೂ ಬೇಕು. ಪೇಟೆಂಟಿನ ಕಾಗದಗಳನ್ನು ಓದುತ್ತಾ ಓದುತ್ತಾ ಅವಳು ಇನ್ನೊಂದು ಹುಳುಕು ಹಿಡಿದಳು. ಅರ್ಜಿಯಲ್ಲಿ ಉಮಾಶ್ರೀ ಓದಿದ ಸಂಸ್ಥೆಯ ಹೆಸರೂ ಇತ್ತು. ಕಂಪನಿಗೆ ಹಕ್ಕು ಬಿಟ್ಟುಕೊಡುವ ಕರಾರಿಗೆ ಸಂಸ್ಥೆಯ ಸಹಿಯೇ ಬಿದ್ದಿರಲಿಲ್ಲ. ಹುಳುಕು ಸಿಕ್ಕಾಗ ಅವಳಿಗಾದ ಸಂತೋಷ ಕೆಲಸಗಾರನ ಸಂತೋಷವಷ್ಟೇ ಆಗಿರಲಿಲ್ಲ.

ಮೂರನೆಯ ದಿನ ಇನ್ನೊಂದು ಹಾಳೆ ಸಿಕ್ಕಿತು. ಸಂಶೋಧನೆಗೆಂದು ಸರ್ಕಾರ ಮಂಜೂರು ಮಾಡಿದ ಅನುದಾನದ ಪತ್ರ. ಮೊದಲ ಕಂತು ಬಂದು ಖರ್ಚಾಗಿತ್ತು. ಎರಡನೇ ಕಂತು ನಲವತ್ತೈದು ಲಕ್ಷ. ಈ ಹಂಗಾಮಿನಲ್ಲಿ ದಾಳಿಂಬ ಮತ್ತು ಗುಂಜೋಟಿಯ ಹೊಲಗಳಲ್ಲಿ ಪುಡಿ ಕೆಲಸ ಮಾಡಿದ್ದು ಕಂಡರೆ ಮಾತ್ರ ಬರುತ್ತದೆ. ಅದು ಬಂದರೆ ಏಳು ತಿಂಗಳು ಹದಿನಾಲ್ಕಾಗುತ್ತದೆ.

ಸುಗಂಧಾ ಪತ್ರವನ್ನು ಎರಡು ಸಲ ಓದಿ, ಮಡಿಚಿ, ಫೈಲಿನೊಳಗೆ ಮೊದಲಿದ್ದಲ್ಲೇ ಇಟ್ಟಳು. ತನ್ನ ವರದಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಶರತ್ತಿನ ದುಡ್ಡು ದುಡ್ಡೇ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಾಶೆಪ್ಪ ಕನ್ನಡಕ ಹಾಕಿಕೊಂಡು ವರದಿ ಓದಿದರು. ಗಂಡ ಧನರಾಜ ಗೋಡೆಗೊರಗಿ ಕೂತಿದ್ದ. ಉಮಾಶ್ರೀ ಅಪ್ಪನ ಹೆಗಲ ಹಿಂದಿನಿಂದ ಓದುತ್ತಿದ್ದಳು.

“ಏಳು ತಿಂಗಳು. ಹಕ್ಕಿನ ಕಾಗದಾನೂ ಪಕ್ಕಾ ಇಲ್ಲ,” ಎಂದು ಕಾಶೆಪ್ಪ ಹಾಳೆಗಳನ್ನು ಕೆಳಗಿಟ್ಟರು. “ಬ್ಯಾಡವ್ವ ಉಮಾ. ಮಗಳಂತ ಕೊಡಬಹುದು. ಆದ್ರ ಧಂದೆ ಅಂತ ಕೇಳಿದಿ ನೀ.”

ಉಮಾಶ್ರೀ ಕೊನೆಯ ಪುಟವನ್ನು ತಿರುವಿ ಮತ್ತೆ ಮೊದಲಿನಿಂದ ನೋಡಿದಳು. ಆಮೇಲೆ ಅತ್ತಿಗೆಯನ್ನು ಒಮ್ಮೆ ನೋಡಿದಳು, ಅಷ್ಟೇ.

ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಕೇಳಿದಳು. “ಎರಡನೇ ಕಂತಿನ ಪತ್ರ ಫೈಲಿನಾಗ ಇತ್ತಲ್ಲ ವೈನಿ?”

“ಶರತ್ತಿನ ರೊಕ್ಕ ಜಮಾ ಹಿಡಿಯಂಗಿಲ್ಲ.”

“ಹಿಡೀಬ್ಯಾಡ್ರಿ. ಆದ್ರ ಅದ ಅಂತ ಬರೀಬೇಕಿತ್ತಲ್ಲ.”

ಸುಗಂಧಾ ತಾಟು ತೊಳೆಯುತ್ತಲೇ ಇದ್ದಳು. ಉಮಾಶ್ರೀ “ಹಕ್ಕಿನ ಕರಾರಿಂದು ನಿಮಗ ಕಂಡಂಗ ನನ್ನ ವಕೀಲಗೂ ಕಂಡಿದ್ದಿಲ್ಲ. ಅದಕ್ಕ ನಿಮ್ಮ ಉಪಕಾರ ಅದ,” ಎಂದು ಹೇಳಿ ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದಳು.

ಬೈದಿದ್ದರೆ ಸುಗಂಧಾಳಿಗೆ ಸಮಾಧಾನವಾಗುತ್ತಿತ್ತು. ಈ ಉಪಕಾರದ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಬುದ್ಧಿಯೂ ಆಕೆಗೇ, ದೊಡ್ಡಮನಸ್ಸೂ ಆಕೆಗೇ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು.

ಅಕ್ಟೋಬರಿನಲ್ಲಿ ಧನರಾಜನ ಬಾಯಿಂದ ಸುದ್ದಿ ಬಂತು. ನಾಲ್ವರಲ್ಲಿ ಇಬ್ಬರನ್ನು ಉಮಾಶ್ರೀ ಕೆಲಸದಿಂದ ಬಿಡಿಸಿದ್ದಳು. “ರೊಕ್ಕ ಸಾಲೂದಿಲ್ಲಂತ. ಪಗಾರ ಕೊಟ್ಟು ಮುಗಿಸಿ ಆ ಹುಡುಗ್ಯಾರ್ನ ತಾನೇ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದಾಳಂತ,” ಎಂದ. ಆ ಇಬ್ಬರಲ್ಲಿ ಒಬ್ಬಳು ಸಪನಾ, ಮೂರು ದಿನವೂ ಸುಗಂಧಾಳಿಗೆ ಚಹಾ ತಂದುಕೊಟ್ಟವಳು.

ನವೆಂಬರಿನ ಮೊದಲ ವಾರ ತೊಗರಿ ಹೂವಿಗೆ ಬಂದಿತ್ತು. ನೆಟೆರೋಗ ಮುಖ ತೋರಿಸುವ ಕಾಲವೇ ಅದು. ಸುಗಂಧಾ ಯಾರಿಗೂ ಹೇಳದೆ ಉಮರ್ಗಾ ಬಸ್ಸು ಹತ್ತಿ, ಅಲ್ಲಿಂದ ಶೇರ್ ಆಟೋದಲ್ಲಿ ದಾಳಿಂಬಕ್ಕೆ ಹೋದಳು. ಪುಡಿ ಸೋತಿದ್ದರೆ ತಾನು ಬರೆದದ್ದೇ ನಿಜವಾಗುತ್ತದೆ. ಅದನ್ನೇ ಬಯಸಿ ಹೊರಟಿದ್ದಳು.

ಹೊಲದ ರೈತ ಅಮೃತಪ್ಪ ಅವಳನ್ನು ಬದುವಿನ ಮೇಲೆ ಕರೆದುಕೊಂಡು ಹೋದ. “ನೀವೂ ಡಾಕ್ಟರ್ ಏನ್ರೀ?”

“ಅಲ್ರೀ. ನಾ ಲೆಕ್ಕ ನೋಡಾಕಿ.”

“ಹಂಗಾದ್ರ ಎಣಸ್ರಿ. ಈ ಕಡೀ ಸಾಲಿಗೆ ಡಾಕ್ಟರ್ ಅಕ್ಕಾರ ಪುಡಿ ಹಾಕೀವಿ, ಆ ಕಡೀಗ ಹಾಕಿಲ್ಲ.”

ಅವಳು ಸೀರೆಯ ನೆರಿಗೆ ಎತ್ತಿಕಟ್ಟಿ ಎಣಿಸಿದಳು. ಪುಡಿ ಹಾಕದ ಸಾಲಿನಲ್ಲಿ ನೂರಕ್ಕೆ ನಲವತ್ತೊಂದು ಗಿಡ ಒಣಗಿ ನಿಂತಿದ್ದವು. ಹಾಕಿದ ಸಾಲಿನಲ್ಲಿ ಒಂಬತ್ತು. ನಂಬದೆ ಬೇರೆ ಸಾಲು ಹಿಡಿದು ಎಣಿಸಿದಳು, ಹನ್ನೊಂದು. ಹಳದಿ ಹೂವು ಅವಳ ಸೊಂಟಕ್ಕೆ ತಾಗುತ್ತಿತ್ತು. ನಡು ಹೊಲದಲ್ಲಿ ನಿಂತವಳಿಗೆ ಅಳು ಬಂತು. ಅದು ಉಮಾಶ್ರೀ ಗೆದ್ದಳೆಂಬ ಅಳುವೋ, ತಾನು ಮಾಡಿದ್ದಕ್ಕೆ ಬಂದ ಅಳುವೋ ಅವಳಿಗೇ ತಿಳಿಯಲಿಲ್ಲ.

ಗುಂಜೋಟಿಗೂ ಹೋದಳು. ಅಲ್ಲಿಯ ಕಲ್ಲುಕಲ್ಲಾದ ಗರಸು ನೆಲದಲ್ಲಿ ಅಂತರ ಅಷ್ಟಿರಲಿಲ್ಲ, ಹಾಕದ ಸಾಲಿನಲ್ಲಿ ನೂರಕ್ಕೆ ಮೂವತ್ತು, ಹಾಕಿದ ಸಾಲಿನಲ್ಲಿ ಇಪ್ಪತ್ತೆರಡು. ಅದನ್ನೂ ಬರೆದುಕೊಂಡಳು.

ಮರುದಿನ ಅಂಗಡಿಯಲ್ಲಿ ಕಾಳಿನ ಹರಾಜು ಮುಗಿದ ಮೇಲೆ ಹೊಸ ವರದಿಯನ್ನು ಮಾವನ ಮುಂದಿಟ್ಟಳು. ಕಂತು ಬಂದರೆ ಎಷ್ಟು ತಿಂಗಳು, ಬರದಿದ್ದರೆ ಎಷ್ಟು, ಎರಡೂ ಅದರಲ್ಲಿದ್ದವು.

“ಹಿಂದಿನ ಸಲ ನಾ ಒಂದು ಕಾಗದ ಮುಚ್ಚಿಟ್ಟಿದ್ದೆ ಮಾವಾರ.”

“ಯಾಕ?”

“ಹೊಟ್ಟಿಕಿಚ್ಚಿಗೆ.”

ಕಾಶೆಪ್ಪ ಗದ್ದಿಗೆಯ ಮೇಲೆ ಬಿದ್ದಿದ್ದ ನಾಲ್ಕು ತೊಗರಿ ಕಾಳನ್ನು ಬೆರಳಿಂದ ಒತ್ತಟ್ಟಿಗೆ ಸರಿಸಿದರು. “ನಿನ್ನ ಓದು ನಿಲ್ಲಸಿದಾಂವ ನಾ,” ಎಂದರು. “ಆ ಖರ್ಚು ಅಕೀ ಖಾತೆದಾಗ ಬರದಿ ನೀ. ತಪ್ಪು.”

“ತಪ್ಪೇ ರೀ.”

ಮೂವತ್ತು ಲಕ್ಷ ಈಗ, ಉಳಿದ ಮೂವತ್ತು ಹಕ್ಕಿನ ಕರಾರಿಗೆ ಸಹಿ ಬಿದ್ದ ಮೇಲೆ ಎಂದು ಅವರು ಮಗಳಿಗೆ ಫೋನಿನಲ್ಲಿ ಹೇಳಿದರು. ಕಾಗದ ಮುಚ್ಚಿಟ್ಟ ವಿಷಯ ಹೇಳಲಿಲ್ಲ. ಸುಗಂಧಾ ತಾನೇ ನಿಲಂಗಾಕ್ಕೆ ಹೋಗಿ ಹೇಳಿದಳು.

“ನನಗ ಅವತ್ತೇ ಗೊತ್ತಿತ್ತು ವೈನಿ,” ಎಂದಳು ಉಮಾಶ್ರೀ. ಈ ಸಲ ಅವಳ ದನಿ ಗಡುಸಾಗಿತ್ತು. “ಸಪನಾನ ಮನ್ಯಾಗ ಅಕೀ ಒಬ್ಬಾಕಿದೇ ಪಗಾರ. ಅಕೀಗ ಹೋಗಿ ಹೇಳ್ರಿ, ನನಗಲ್ಲ.”

ಸುಗಂಧಾ ಹೋದಳು. ಕಾಸಾರಶಿರಸಿಯಲ್ಲಿ ಸಪನಾಳ ಮನೆ ಹುಡುಕಿ, ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಸಪನಾ ಕೂಡ್ರಿ ಅನ್ನಲಿಲ್ಲ. ಆದರೆ ಮುಂದಿನ ತಿಂಗಳು ಕೆಲಸಕ್ಕೆ ಮರಳಿದಳು.

ಮಾರ್ಚಿನಲ್ಲಿ ಎರಡನೇ ಕಂತು ಬಂತು, ಪೂರ್ತಿ ಅಲ್ಲ, ಮೂವತ್ತು ಲಕ್ಷ. ಗುಂಜೋಟಿಯ ಫಲಿತಾಂಶ ನೋಡಿ ಉಳಿದದ್ದನ್ನು ತಡೆಹಿಡಿದಿದ್ದರು. ಸಂಸ್ಥೆಯ ಸಹಿಯೂ ಬಿತ್ತು. ಕಂಪನಿ ಇನ್ನೂ ಒಂದು ರೂಪಾಯಿಯ ಮಾಲು ಮಾರಿಲ್ಲ. ಸುಗಂಧಾ ವಾರಕ್ಕೆ ಐದು ದಿನ ಬೆಳಗಿನ ಬಸ್ಸಿಗೆ ಲಾತೂರಿಗೆ ಹೋಗುತ್ತಾಳೆ. ಅಲ್ಲೊಂದು ಸಿಎ ಆಫೀಸಿನಲ್ಲಿ ತನಗಿಂತ ಹತ್ತು ವರ್ಷ ಚಿಕ್ಕವರ ಪಕ್ಕದಲ್ಲಿ ಕೂತು ಕೆಲಸ ಕಲಿಯುತ್ತಾಳೆ. ನಾದಿನಿ ಮನೆಗೆ ಬಂದರೆ ಮಾತು ಬೇಕಾದಷ್ಟೇ. ಮೊನ್ನೆ ಮರಾಠಿ ಪತ್ರಿಕೆಯಲ್ಲಿ ಉಮಾಶ್ರೀಯ ಫೋಟೊ ಬಂದಿತ್ತು. ಬಸ್ಸಿನಲ್ಲಿ ಅದನ್ನು ಕಂಡಾಗ ಸುಗಂಧಾಳ ಎದೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಅವಳು ಸುದ್ದಿಯನ್ನು ಕೊನೆಯವರೆಗೂ ಓದಿ, ಪತ್ರಿಕೆ ಮಡಿಚಿ ಪಕ್ಕದವರಿಗೆ ಕೊಟ್ಟು, ತನ್ನ ಪುಸ್ತಕ ತೆರೆದಳು.