ಕಣದಲ್ಲಿ ಒಣಗಿದ ಡ್ರಮ್

ನಮ್ಮ ಯಸಳೂರಿನ ಕಡೆಯವರಿಗೆ ಒಂದು ರೋಗವಿದೆ. ಮಳೆಗಾಲದಲ್ಲಿ ಒಂದು ಗಳಿಗೆ ಬಿಸಿಲು ಕಂಡರೆ ಸಾಕು, ಮನೆಯಲ್ಲಿರುವುದೆಲ್ಲ ಕಾಫಿ ಕಣಕ್ಕೆ ಬರುತ್ತದೆ. ಬೂಷ್ಟು ಹಿಡಿದ ಮೆಣಸು, ಹಾಸಿಗೆ, ಕೊನೆಗೆ ಮಾವನವರ ಚಪ್ಪಲಿ. ತೊಂಬತ್ತೆಂಟರ ಆ ಬೆಳಿಗ್ಗೆ ನನ್ನ ಜೆರಾಕ್ಸ್ ಮಷೀನಿನೊಳಗೆ ತಿರುಗುವ ಉರುಳೆ, ಅದರ ಡ್ರಮ್ಮೂ ಬಂದಿತ್ತು.

ಮರುದಿನವೇ ನನ್ನ ಅಂಗಡಿಯ ಪೂಜೆ. ಮಷೀನು ಹಳೆಯದು, ಇನ್ನೂ ಮನೆಯಲ್ಲೇ ಇತ್ತು. ಒರೆಸಲೆಂದು ಡ್ರಮ್ ಬಿಚ್ಚಿ, ಕಪ್ಪು ಬಟ್ಟೆ ಸುತ್ತಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಬಟ್ಟೆ ತಂತಿಯ ಮೇಲೆ, ಡ್ರಮ್ ಮೆಣಸಿನ ಪಕ್ಕದಲ್ಲಿ ಹಾಯಾಗಿ ಬಿಸಿಲು ಕಾಯುತ್ತಿದೆ!

"ಅತ್ತೆ!" ಎಂದು ನಾನು ಕಿರುಚಿದ್ದು ಬಿಸಿಲೆ ಕಾಡಿನವರೆಗೂ ಕೇಳಿಸಿರಬೇಕು.

"ಥಂಡಿ ಹಿಡ್ದಿತ್ತು ಕಣೇ ಪುಷ್ಪಾ, ಈಗಷ್ಟೆ ಇಟ್ಟೆ," ಅಂದರು ನಮ್ಮತ್ತೆ ಜಗದಾಂಬ, ಬಹುಮಾನ ಗೆದ್ದವರ ಹಾಗೆ.

ಡ್ರಮ್ ಕೂರಿಸಿ ಕಾಪಿ ತೆಗೆದೆ. ಹಾಳೆ ಬೆಳ್ಳಗೇ ಬಂತು. ಹೊಸ ಡ್ರಮ್ ತರುವ ಶಕ್ತಿ ನನಗಿರಲಿಲ್ಲ. ತೆರೆಯುವ ಮೊದಲೇ ಅಂಗಡಿ ಮುಚ್ಚಿತಲ್ಲ ಎಂದು ಒಲೆಯ ಮುಂದೆ ಕೂತು ಬಿಕ್ಕಿಬಿಟ್ಟೆ.

ಅತ್ತೆಯ ಮುಖ ಸಪ್ಪಗಾಯಿತು. "ಬಿಸ್ಲು ಬಿದ್ರೆ ಅದಕ್ಕೇನಾಯ್ತದೆ, ಹೇಳು."

"ಅದ್ರ ಮೈಮೇಲೆ ಒಂದು ತೆಳು ಲೇಪ ಐತೆ ಅತ್ತೆ. ಬಟ್ಟೆಗೆ ಹಾಕೋ ಬಣ್ಣದ ಥರ, ಇಂಗಾಲ ಸೇರಿದ್ದು. ಕತ್ತಲಲ್ಲಿ ಕರೆಂಟ್ ಹಿಡ್ಕೊಂಡಿರ್ತದೆ, ಬೆಳಕು ಬಿದ್ದ ಕಡೆ ಬಿಟ್ಬುಡ್ತದೆ. ಹಾಳೆಯ ಬಿಳಿ ಜಾಗದಿಂದ ಬೆಳಕು ಅದರ ಮೇಲೆ ಬಿದ್ದು, ಅಲ್ಲಿ ಕರೆಂಟ್ ಸೋರೋಯ್ತದೆ. ಅಕ್ಷರ ಇದ್ದ ಕಡೆ ಉಳೀತದೆ, ಕರಿ ಪುಡಿ ಅಲ್ಲೇ ಅಂಟ್ತದೆ. ಈಗ ಬಿಸಿಲು ಜಾಸ್ತಿ ಕುಡ್ದು ಕತ್ತಲಲ್ಲೂ ಸೋರ್ತಾ ಐತೆ."

"ಸರಿಹೋಗಲ್ವೇನೆ?"

"ಸ್ವಲ್ಪ ಹೊತ್ತಿನ ಬಿಸಿಲಾದ್ರೆ, ಕತ್ತಲಲ್ಲಿಟ್ರೆ ಸರಿಹೋಗ್ಬೋದು. ಹೋಗ್ದೇನೂ ಇರ್ಬೋದು."

ನನ್ನ ಮಾತು ಮುಗಿಯುವ ಮೊದಲೇ ಅತ್ತೆ ಕಂಬಳಿ ತಂದರು. ಡ್ರಮ್ಮನ್ನು ಬಾಣಂತಿಯ ಹಾಗೆ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳದ ಮೇಲೆ ತಾವೇ ಕೂತುಬಿಟ್ಟರು. ಬೆಳ್ಳುಳ್ಳಿ ಸುಲಿದಿದ್ದೂ ಅಲ್ಲೇ, ಊಟವೂ ಅಲ್ಲೇ.

"ಒಂಚೂರು ಇಣುಕಿ ನೋಡ್ಲೇನೆ?"

"ಅನ್ನ ಬೆಂದೈತಾ ಅಂತ ನೋಡ್ದಂಗಲ್ಲ ಅತ್ತೆ, ಸುಮ್ನಿರಿ!"

ಮರುದಿನ ನಸುಕಿನಲ್ಲೇ ಮಷೀನನ್ನು ಅಂಗಡಿಗೆ ಸಾಗಿಸಿ ಡ್ರಮ್ ಕೂರಿಸಿದೆ. ಪೂಜೆಯ ಹೊತ್ತಿಗೆ ಅಂಗಡಿಯ ಮುಂದೆ ಅರ್ಧ ಊರು ನೆರೆದಿತ್ತು. ಅತ್ತೆ ಮಷೀನಿಗೆ ವಿಭೂತಿ ಹಚ್ಚಿದರು, ನನ್ನನ್ನು ಕೇಳಿಕೊಂಡು, ಹೊರಗೆ ಮಾತ್ರ.

"ಅತ್ತೆ, ಗಾಜಿನ ಮೇಲೆ ನಿಮ್ಮ ಕೈ ಇಡಿ."

ಮಷೀನಿನ ಮುಚ್ಚಳ ತೆರೆದಿಟ್ಟೇ ಗುಂಡಿ ಒತ್ತಿದೆ. ಬೆಳಕು ಅವರ ಅಂಗೈಯಿಂದ ಮಾತ್ರ ಮರಳಬೇಕು. ಸುತ್ತಲೂ ಕಪ್ಪಾದರೆ ಡ್ರಮ್ ಬದುಕಿದ ಹಾಗೆ. ಹಾಳೆ ನಿಧಾನವಾಗಿ ಹೊರಗೆ ಬಂತು. ಕಗ್ಗಪ್ಪು! ನಡುವೆ ಬೆಳ್ಳನೆಯ ಅಂಗೈ, ಗೆರೆಗಳ ಸಮೇತ.

"ಅಯ್ಯೋ, ಎಲ್ಲಾ ಮಸಿ ಆಗೋಯ್ತಲ್ಲವ್ವಾ!" ಅಂದರು ಮಾವ ಏಕಾಂತಯ್ಯ.

"ಮಸಿ ಆಯ್ತು ಮಾವ, ಮಸಿ ಆಯ್ತು!" ಎಂದು ನಾನು ಅತ್ತೆಯನ್ನು ತಬ್ಬಿಕೊಂಡು ಕುಣಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅತ್ತೆ ಹಾಳೆಯನ್ನು ಎಲ್ಲರಿಗೂ ತೋರಿಸುತ್ತಾ ಹೊರಟರು. "ನೋಡ್ರಪ್ಪ, ಡ್ರಮ್ನ ಬಿಸ್ಲಿಗಿಟ್ಟ ಕೈ ಇದೇ ಕಣ್ರೀ!"

ಸಂಜೆ ಅದನ್ನು ಮನೆಗೆ ಒಯ್ದು ದೇವರ ಕೋಣೆಯಲ್ಲಿ ಅಂಟಿಸಿದರು, ಹುಡುಕಿ ಹುಡುಕಿ ಬಿಸಿಲು ಬೀಳದ ಗೋಡೆಗೆ.